ಪೋಷಕರ ರುಜು

ನನ್ನ ಬಡ್ತಿಗಳ ವಿಚಾರವನ್ನು ಇಲ್ಲಿ ಬರೆಯುವುದಿಲ್ಲ. ಯಾವ ವರ್ಷ ಎರಡನೇ ದರ್ಜೆಯಿಂದ ಒಂದನೇ ದರ್ಜೆಗೆ ಹೋದೆ, ಯಾರು ಅಡ್ಡಗಾಲು ಹಾಕಿದರು ಎಂಬ ಪುರಾಣವನ್ನು ನನ್ನ ಹೆಂಡತಿಯ ಮುಂದೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆಯುವ ಮೊದಲೇ ಅವಳು ಒಲೆ ನೋಡುವ ನೆಪದಲ್ಲಿ ಎದ್ದು ಹೋಗುತ್ತಾಳೆ. ಹೊಸದಾಗಿ ಕೆಲಸಕ್ಕೆ ಸೇರಿದ ನಿಮಗೂ ಅದರಿಂದ ಆಗಬೇಕಾದ್ದೇನಿಲ್ಲ. ನಿಮ್ಮ ಮೇಜಿನ ಮೇಲೆ ಫಾರಂಗಳ ಕಟ್ಟು ಇರುತ್ತದಲ್ಲ, ಅಂಥ ಒಂದು ಫಾರಂನಲ್ಲಿದ್ದ ಒಂದೇ ಒಂದು ಗೆರೆಯ ವಿಚಾರ ಹೇಳಬೇಕಾಗಿದೆ. ಆ ಗೆರೆ ಎಳೆದವನು ನಾನೇ.

ನಾನು ಅರಕಲಗೂಡಿನವನು. ನಮ್ಮದು ಲಿಂಗಾಯತರ ಮನೆ, ಪೇಟೆ ಬೀದಿಯಲ್ಲಿ ಅಪ್ಪನ ಬಟ್ಟೆ ಅಂಗಡಿ. ಅಂಗಡಿಯಲ್ಲಿ ಕೂರಿಸಿದರೆ ಗಿರಾಕಿಗಳ ಜೊತೆ ಜಗಳವಾಡುತ್ತಿದ್ದೆ, ಅದಕ್ಕೆ ಅಪ್ಪ ಓದಿಸಿದರು. ಓದಿನಲ್ಲಿ ಅಷ್ಟಕ್ಕಷ್ಟೇ. ಆದರೆ ಬರವಣಿಗೆ ಮಾತ್ರ ಚೆನ್ನಾಗಿತ್ತು. ಆ ಅಕ್ಷರ ನೋಡಿಯೇ ಹಾಸನದ ಕಸುಬು ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತನ ಕೆಲಸ ಕೊಟ್ಟರು. ಮಂಡಳಿ ಎಂದರೆ ದೊಡ್ಡ ಕಟ್ಟಡ ಕಲ್ಪಿಸಿಕೊಳ್ಳಬೇಡಿ. ಬಾಡಿಗೆಗೆ ಹಿಡಿದ ಒಂದು ಹೆಂಚಿನ ಮನೆ, ಹಿತ್ತಲಲ್ಲಿ ಉದ್ದನೆಯ ಕೊಟ್ಟಿಗೆ. ಕೊಟ್ಟಿಗೆಯ ಒಂದು ಕಡೆ ಮರಗೆಲಸ, ಇನ್ನೊಂದು ಕಡೆ ನಾಲ್ಕು ಮಗ್ಗ. ಬಡಗಿಯ ಮಗನಲ್ಲದವನೂ ಬಡಗಿಯಾಗಬಹುದು, ನೇಯ್ಗೆಯವರ ಮನೆಯಲ್ಲಿ ಹುಟ್ಟದವಳೂ ನೇಯಬಹುದು ಎಂಬುದು ಆ ಕಾಲಕ್ಕೆ ಹೊಸ ಮಾತು.

ನನ್ನ ಮೊದಲ ಮೇಲಧಿಕಾರಿ ಸೂಪರಿಂಟೆಂಡೆಂಟ್ ನರಸಿಂಗರಾಯರು. ಸಣಕಲು ದೇಹ, ಜರಿ ಅಂಚಿನ ಪೇಟ, ಮೂಗಿನ ತುದಿಗೆ ಜಾರಿದ ಕನ್ನಡಕ. ಗೆಜೆಟ್ ಬಂದ ದಿನ ಅವರು ಯಾರನ್ನೂ ಮಾತನಾಡಿಸುತ್ತಿರಲಿಲ್ಲ. ಒಂದು ತುದಿ ಕೆಂಪು, ಒಂದು ತುದಿ ನೀಲಿಯ ಪೆನ್ಸಿಲು ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಕಳೆದುಹೋದ ದನಗಳ ಪ್ರಕಟಣೆಯನ್ನೂ ಬಿಡದೆ ಓದುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ಒಂದು ಸಲ ನಾನು ನಗುವಾಗಲೇ ಸಿಕ್ಕಿಬಿದ್ದೆ.

"ಯಾಕ್ರೀ ರುದ್ರಪ್ಪ, ತಮಾಷೆಯಾಗಿ ಕಾಣುತ್ತಾ?" ಎಂದರು. "ಈ ಮಂಡಳಿ ಇವತ್ತು ಇದೆ. ಯಾಕಿದೆ ಹೇಳಿ ನೋಡೋಣ."

"ಸರ್ಕಾರದೋರು ಇಟ್ಟಿದಾರೆ, ಅದಕ್ಕೇ ಇದೆ ಸಾರ್."

"ಸರ್ಕಾರದೋರು ನಾಳೆ ತೆಗೆದರೆ?"

ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: "ಈಗ ನಾವು ನಡೀತಿರೋದು ಒಂದು ಆರ್ಡರಿನ ಮೇಲೆ. ಒಬ್ಬ ಅಧಿಕಾರಿ ಬರೆದ ಆರ್ಡರನ್ನ ಇನ್ನೊಬ್ಬ ಅಧಿಕಾರಿ ಒಂದು ಸಾಲಲ್ಲಿ ಅಳಿಸಬಹುದು. ಕಾಯಿದೆ ಆದ ಮೇಲೆ ಹಾಗಲ್ಲ. ಆಗ ಇಲ್ಲಿ ಕಲಿಯೋಕೆ ಬಂದೋನು ಬೇಡೋಕೆ ಬಂದ ಹಾಗಲ್ಲ, ಹಕ್ಕಿನಿಂದ ಬಂದ ಹಾಗೆ. ನೀವೂ ಕೊಡೋರಲ್ಲ, ನಾನೂ ಕೊಡೋನಲ್ಲ. ಕೊಡೋದು ಆ ಕಾಗದ. ಅದನ್ನ ಓದದೆ ಇದ್ದರೆ ನಾವು ಯಾತಕ್ಕೆ ಇರಬೇಕು?"

ಅವರು ಹೇಳಿದ್ದು ನಿಜ. ಕಾಯಿದೆ ಬರುವ ಮುಂಚೆ ಜೂನ್ ತಿಂಗಳು ಬಂತೆಂದರೆ ನಮಗೆಲ್ಲ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಆರ್ಡರ್ ಮುಂದುವರಿಯುತ್ತದೋ ಇಲ್ಲವೋ ಎಂದು ಮರಗೆಲಸದ ಮೇಸ್ತ್ರಿ ದಿನಕ್ಕೆ ಮೂರು ಸಲ ಬಂದು ಕೇಳುತ್ತಿದ್ದ. ಒಂದು ವರ್ಷ ಆರ್ಡರ್ ತಡವಾಗಿ ಎರಡು ತಿಂಗಳು ಕೊಟ್ಟಿಗೆಗೆ ಬೀಗ ಬಿತ್ತು. ಅರ್ಧ ಕಲಿತವರು ಉಳಿ ಕೆಳಗಿಟ್ಟು ಹೊಲಕ್ಕೆ ಹೋದರು, ಅವರಲ್ಲಿ ಎಷ್ಟೋ ಜನ ತಿರುಗಿ ಬರಲಿಲ್ಲ. ಕಾಯಿದೆಯಾಗಲೇಬೇಕೆಂದು ನರಸಿಂಗರಾಯರು ಬರೆದ ಕಾಗದಗಳ ನಕಲು ತೆಗೆದು ತೆಗೆದು ನನ್ನ ಬೆರಳಿಗೆ ಬೊಬ್ಬೆ ಬಂದಿತ್ತು. ಕೊನೆಗೂ ಆಯಿತು. ಯುದ್ಧ ಶುರುವಾಗುವ ಮುಂಚಿನ ಮಾತು ಇದು. ಕಾಯಿದೆ ಪಾಸಾಯಿತು, ಅದರ ಕೆಳಗಿನ ನಿಬಂಧನೆಗಳೂ ಮಂಜೂರಾದವು. ಅವು ಗೆಜೆಟ್‌ನಲ್ಲಿ ಅಚ್ಚಾಗಿ ಬರುವುದೊಂದೇ ಬಾಕಿ. ಅಚ್ಚಾದ ದಿನದಿಂದ ಜಾರಿ.

ನಿಬಂಧನೆಗಳ ಕರಡನ್ನು ಊರೂರಿಗೆ ಹೋಗಿ ಜನರಿಗೆ ಓದಿ ಹೇಳಬೇಕೆಂದು ನನ್ನನ್ನು ಕಳಿಸಿದರು. ಮೊದಲು ನಮ್ಮೂರಿಗೇ ಹೋದೆ. ಅರಕಲಗೂಡಿನ ಚಾವಡಿಯಲ್ಲಿ ಜನ ಸೇರಿದ್ದರು. ಹುಟ್ಟಿದೂರಿನಲ್ಲಿ ಸರ್ಕಾರದ ಕಾಗದ ಹಿಡಿದು ನಿಲ್ಲುವ ಭಾಗ್ಯ ಯಾರಿಗುಂಟು! ಕೋಟಿನ ಗುಂಡಿಯೆಲ್ಲ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದನೇ ನಿಬಂಧನೆಯಿಂದ ಶುರುಮಾಡಿ ಒಂದನ್ನೂ ಬಿಡದೆ ಓದಿದೆ. ಮುಗಿಸಿ ತಲೆ ಎತ್ತಿದರೆ ಅರ್ಧ ಜನ ಎದ್ದು ಹೋಗಿದ್ದರು, ಮಿಕ್ಕವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಎಚ್ಚರವಾಗಿದ್ದವನು ವೀರಾಚಾರಿ ಒಬ್ಬ. ಮೂವತ್ತು ವರ್ಷದ ಬಡಗಿ, ನನ್ನ ಜೊತೆ ಗೋಲಿ ಆಡಿದವನು.

"ಎಲ್ಲಾ ಕೇಳ್ದೆ ಕಣ್ ರುದ್ರಪ್ಪ. ಇದ್ರಲ್ಲಿ ಉಳಿ ಇಡಿಯೋದು ಎಲ್ಲೈತೆ?" ಎಂದ.

ತೂಕಡಿಸುತ್ತಿದ್ದವರೂ ಎದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅವನನ್ನು ಪುಸಲಾಯಿಸಿ, ಯಂತ್ರದ ಮೇಲೆ ಮರ ಕಡೆಯುವುದನ್ನು ಹೇಳಿಕೊಡುತ್ತಾರೆ, ಸರ್ಟಿಫಿಕೇಟು ಸಿಕ್ಕರೆ ಬೆಂಗಳೂರಿನ ಕಾರ್ಖಾನೆಯಲ್ಲೂ ಕೆಲಸ ಸಿಗುತ್ತದೆ ಎಂದು ಒಪ್ಪಿಸಿದೆ. ಅವನು ಒಂದು ಷರತ್ತು ಹಾಕಿದ. "ವಿಜಯದಶಮಿ ದಿನ ಶುರು ಮಾಡ್ಸು, ಬತ್ತೀನಿ. ಅದ್ ಬುಟ್ಟು ಇನ್ಯಾವತ್ತಾನಾ ಅಂದ್ರೆ ನಮ್ ಜನ ಒಸ ಕೆಲ್ಸಕ್ಕೆ ಕೈ ಇಕ್ಕಾಕಿಲ್ಲ."

ಅದನ್ನು ನರಸಿಂಗರಾಯರಿಗೆ ಹೇಳಿದೆ. "ಪೂಜೆ ಮಾಡಿಸಿ, ನಾನು ಬೇಡ ಅನ್ನೋಲ್ಲ," ಎಂದರು. "ಒಂದು ಗೀಟು ಹಾಕಲಿ, ಒಂದು ಎಳೆ ನೇಯಲಿ. ಹಾಜರಿ ಮಾತ್ರ ಗೆಜೆಟ್ ಬಂದ ಮೇಲೆ ಬರೀರಿ. ನಿಬಂಧನೆ ಜಾರಿಗೆ ಬಂದ ಮೇಲೆ ಪೂರ್ತಿ ಎರಡು ವರ್ಷ ಕಲಿತೋರಿಗೆ ಮಾತ್ರ ಸರ್ಟಿಫಿಕೇಟು. ನೆನಪಿರಲಿ." ಇಷ್ಟು ಹೇಳಿ ದಸರೆಗೆ ಮೈಸೂರಿಗೆ ಹೋದರು.

ನೆನಪಿತ್ತು. ಆದರೆ ಆ ದಿನ ಕೊಟ್ಟಿಗೆಯನ್ನು ನೀವು ನೋಡಬೇಕಾಗಿತ್ತು. ಮಗ್ಗಗಳಿಗೆ ಚೆಂಡು ಹೂವು, ಗರಗಸಕ್ಕೆ ಕುಂಕುಮ. ಹದಿನಾಲ್ಕು ಜನ ಸ್ನಾನ ಮಾಡಿ, ಮಡಿ ಬಟ್ಟೆ ಉಟ್ಟು ಬಂದಿದ್ದರು. ಪೂಜಾರಿ, "ನಿಮ್ಮ ಆಯುಧ ಎಲ್ಲಿ ಗುಮಾಸ್ತರೇ?" ಎಂದು ಕೇಳಿದರು. ನನ್ನ ಆಯುಧ ಹಾಜರಿ ಪುಸ್ತಕ. ತಂದಿಟ್ಟೆ. ಅದಕ್ಕೂ ಅರಿಸಿನ ಕುಂಕುಮ ಹಚ್ಚಿದರು. ಪೂಜೆಯಾದ ಪುಸ್ತಕವನ್ನು ಖಾಲಿ ಹೇಗೆ ಮುಚ್ಚುವುದು? ಮೊದಲ ಪುಟದಲ್ಲಿ ಶ್ರೀ ಬರೆದು, ತಾರೀಖು ಹಾಕಿ, ಹದಿನಾಲ್ಕು ಹೆಸರನ್ನೂ ದುಂಡಗೆ ಬರೆದೆ. ಗೆಜೆಟ್ ಬಂದದ್ದು ಅದಾದ ಇಪ್ಪತ್ತಮೂರು ದಿನಕ್ಕೆ.

ಆ ಹದಿನಾಲ್ಕು ಜನರಲ್ಲಿ ಹೆಂಗಸು ಒಬ್ಬಳೇ. ಹೆಸರು ಪುಟ್ಟತಾಯಮ್ಮ, ಕೊರವಂಗಲದ ಹುಚ್ಚೇಗೌಡರ ಸೊಸೆ. ಗಂಡ ಹಾವು ಕಡಿದು ಸತ್ತಿದ್ದ. ಅವಳಿಗಾಗ ಇಪ್ಪತ್ತೆರಡು ವರ್ಷ, ಲಕ್ಷ್ಮಿ ಎಂಬ ನಾಲ್ಕು ವರ್ಷದ ಮಗಳು. ಮಾವನ ಮನೆಯಲ್ಲಿ ಹೊಲವಿತ್ತು, ದನವಿತ್ತು, ಊಟಕ್ಕೇನೂ ತೊಂದರೆಯಿರಲಿಲ್ಲ. ಆದರೆ ಅವಳು ತಿಂದ ಒಂದೊಂದು ಮುದ್ದೆಯೂ ಆಡಿಸಿಕೊಂಡು ತಿಂದದ್ದು. ಮಗನನ್ನು ನುಂಗಿದವಳು ಎಂದು ಅತ್ತೆ ಮೊಮ್ಮಗಳೆದುರಿಗೇ ಅನ್ನುತ್ತಿದ್ದಳಂತೆ. ಹಾಸನದಲ್ಲಿ ಪುಟ್ಟತಾಯಮ್ಮನ ಚಿಕ್ಕಮ್ಮನ ಮನೆಯಿತ್ತು. ಅಲ್ಲಿದ್ದುಕೊಂಡು ಮಗ್ಗ ಕಲಿಯುತ್ತೇನೆ ಎಂದಾಗ, ಕಣ್ಣೆದುರಿಗಿಲ್ಲದಿದ್ದರೆ ಸಾಕೆಂದು ಮಾವ ಒಪ್ಪಿದ್ದರು.

ಸೇರುವವರೆಲ್ಲ ಒಂದು ಮುಚ್ಚಳಿಕೆ ಬರೆದುಕೊಡಬೇಕಿತ್ತು, ಪೂರ್ತಿ ಅವಧಿ ಕಲಿಯುತ್ತೇನೆ, ನಡುವೆ ಬಿಡುವುದಿಲ್ಲ ಎಂದು. ಅದರ ಫಾರಂ ತಯಾರಿಸುವ ಕೆಲಸ ನನ್ನ ಅಕ್ಷರಕ್ಕೇ ಬಿದ್ದಿತ್ತು. ಕರಡು ನೋಡಿಕೊಂಡು ಬರೆದೆ. ಕೊನೆಯಲ್ಲಿ ಎರಡು ಗೆರೆ ಎಳೆದೆ. ಎಡಗಡೆಗೆ 'ಕಲಿಯುವವರ ರುಜು', ಬಲಗಡೆಗೆ 'ಪೋಷಕರ ರುಜು'. ವೀರಾಚಾರಿಯ ಫಾರಂನಲ್ಲಿ ಬಲಗಡೆಯ ಗೆರೆ ಖಾಲಿ ಬಿಟ್ಟೆ. ಮೀಸೆ ಬಂದವನಿಗೆ ಯಾವ ಪೋಷಕ? ಪುಟ್ಟತಾಯಮ್ಮನ ಫಾರಂನಲ್ಲಿ ಹುಚ್ಚೇಗೌಡರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಎಡಗಡೆ ಅವಳದೂ ಹೆಬ್ಬೆಟ್ಟೇ.

ಕಲಿಯಲು ಬಂದವರಿಗೆ ಬೆಳಿಗ್ಗೆ ಅರ್ಧ ಗಂಟೆ ಅಕ್ಷರ ಹೇಳಿಕೊಡಬೇಕು, ತಮ್ಮ ಹೆಸರು ಬರೆಯುವಷ್ಟಾದರೂ ಬರಬೇಕು ಎಂದು ನಿಬಂಧನೆಯಿತ್ತು. ಅದನ್ನೂ ನನ್ನ ತಲೆಗೇ ಕಟ್ಟಿದರು. ವೀರಾಚಾರಿ ಒಂದು ವಾರದಲ್ಲಿ ಹೆಸರು ಬರೆದ. ಪುಟ್ಟತಾಯಮ್ಮನಿಗೆ ಎರಡು ತಿಂಗಳು ಹಿಡಿಯಿತು. ಟಕಾರದ ಒತ್ತು ಅವಳ ಕೈಯಲ್ಲಿ ಯಾವಾಗಲೂ ಕೆಳಗಿನ ಸಾಲಿಗೆ ಇಳಿದು ಬೀಳುತ್ತಿತ್ತು. "ಮೇಲಕ್ಕೆ ಎಳಿಯಮ್ಮ, ಬಾವಿಗೆ ಬಿದ್ದಿದೆ ಅದು!" ಎಂದು ನಾನು ರೇಗುತ್ತಿದ್ದೆ. ಅವಳು ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅಲ್ಲೇ. ಮೊದಲ ಸಲ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಹೆಸರು ಬರೆದ ದಿನ ಮಗಳನ್ನು ಕರೆತಂದು, "ನೋಡವ್ವ, ಇದು ನಾನು" ಎಂದು ತೋರಿಸಿದಳು.

ಮಗ್ಗದಲ್ಲಿ ಮಾತ್ರ ಅವಳ ಕೈಗೆ ಸಮನಾದವರಿರಲಿಲ್ಲ. ಎರಡನೇ ವರ್ಷದ ಹೊತ್ತಿಗೆ ಮೇಸ್ತ್ರಿಗೆ ಜ್ವರ ಬಂದರೆ ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಅಷ್ಟರಲ್ಲಿ ಹೊಳೆನರಸೀಪುರದಲ್ಲಿ ಹೆಂಗಸರಿಗೆಂದೇ ನೇಯ್ಗೆ ತರಗತಿ ತೆರೆಯುವುದು ಎಂದಾಯಿತು. ಅದಕ್ಕೆ ಒಬ್ಬಳು ಬೋಧಕಿ ಬೇಕು, ಮಂಡಳಿಯ ಸರ್ಟಿಫಿಕೇಟು ಇರಬೇಕು, ಇರುವುದಕ್ಕೆ ಮಗ್ಗದ ಮನೆಯ ಪಕ್ಕದಲ್ಲೇ ಒಂದು ಕೋಣೆ ಕೊಡುತ್ತಾರೆ. ನರಸಿಂಗರಾಯರು ಪುಟ್ಟತಾಯಮ್ಮನ ಹೆಸರನ್ನೇ ಬರೆದು ಕಳಿಸಿದರು.

ಅವಳಿಗೆ ವಿಷಯ ತಿಳಿಸಿದವನು ನಾನು. ಲಾಳಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

"ಕೋಣೆಗೆ ಬಾಗ್ಲು ಐತಾ ಸಾ?"

"ಬಾಗಿಲಿಲ್ಲದ ಕೋಣೆ ಉಂಟೇನಮ್ಮ?"

"ಒಳಗಿಂದ ಅಗ್ಳಿ ಆಕ್ಕೊಳಾಂಗೆ?"

"ಹಾಕ್ಕೋಬಹುದು."

"ಅಂಗಾರೆ ಸಾಕು. ನಾನೂ ನನ್ ಮಗ್ಳೂ ಇದ್ದುಬುಡ್ತೀವಿ. ಅಲ್ಲಿ ಇಸ್ಕೂಲೂ ಐತಂತೆ, ಲಕ್ಷ್ಮೀನ ಆಕ್ಬುಡ್ತೀನಿ."

ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಎರಡು ವರ್ಷ ಮುಗಿಯಿತು, ಪರೀಕ್ಷೆಯೂ ಆಯಿತು. ಅದೇ ತಿಂಗಳು ನರಸಿಂಗರಾಯರಿಗೆ ತುಮಕೂರಿಗೆ ವರ್ಗವಾಯಿತು. ಸರ್ಟಿಫಿಕೇಟುಗಳನ್ನು ಬರೆಯುವ ಮೊದಲು ಮೇಲಿನ ಕಚೇರಿಯವರು ಹಾಜರಿ ಪುಸ್ತಕ ತರಿಸಿಕೊಂಡು ನೋಡಿದರು. ಅರಿಸಿನ ಕುಂಕುಮದ ಮೊದಲ ಪುಟ ಅವರ ಕಣ್ಣಿಗೆ ಬೀಳದೆ ಇರುತ್ತದೆಯೇ? ಉತ್ತರ ಬಂತು. ನಿಬಂಧನೆಗಳು ಜಾರಿಗೆ ಬರುವ ಮುಂಚಿನ ಇಪ್ಪತ್ತಮೂರು ದಿನಗಳನ್ನು ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ. ಹದಿನಾಲ್ಕು ಜನರೂ ಹೊಸ ಮುಚ್ಚಳಿಕೆ ಬರೆದುಕೊಟ್ಟು, ಅಷ್ಟು ದಿನ ಮತ್ತೆ ಹಾಜರಾಗಿ ಅವಧಿ ಪೂರೈಸಿದರೆ ಸರ್ಟಿಫಿಕೇಟು ಕೊಡಬಹುದು.

ನನ್ನ ತಪ್ಪು, ನಾನೇ ಊರೂರು ತಿರುಗಿದೆ. ವೀರಾಚಾರಿ ಬಾಯಿಗೆ ಬಂದಂತೆ ಬೈದ. "ಯೋ, ನಾವು ಕಲ್ತಿದ್ದು ಗೆಜೆಟ್ಟಿಗೆ ಗೊತ್ತಿಲ್ವಂತಾ? ಕೈಗೆ ಗೊತ್ತೈತಲ್ಲಾ!" ಎಂದ. ಬೈದರೂ ಬಂದ. ಗಂಡಸರೆಲ್ಲ ಬಂದರು. ಇಪ್ಪತ್ತಮೂರು ದಿನ ತಾನೇ, ಬೀಡಿ ಸೇದುತ್ತ ಕಳೆದುಬಿಟ್ಟರು. ಹೊಸ ಫಾರಂ ಬರೆಯುವಾಗಲೂ ಅದೇ ಎರಡು ಗೆರೆ, ಅದೇ ಬಲಗಡೆಯ ಖಾಲಿ.

ಪುಟ್ಟತಾಯಮ್ಮ ಪರೀಕ್ಷೆ ಮುಗಿಸಿ ಕೊರವಂಗಲಕ್ಕೆ ಹೋಗಿದ್ದಳು. ಸರ್ಟಿಫಿಕೇಟು ಬಂದ ಕೂಡಲೇ ಹೊಳೆನರಸೀಪುರಕ್ಕೆ ಹೊರಡಬೇಕೆಂದು ಟ್ರಂಕು ಕಟ್ಟಿಟ್ಟಿದ್ದಳಂತೆ. ಅವಳ ಫಾರಂ ಇಟ್ಟುಕೊಂಡು ಸೈಕಲ್ ತುಳಿದುಕೊಂಡು ಹೋದೆ. ಸುಗ್ಗಿಯ ಕಾಲ. ಹುಚ್ಚೇಗೌಡರು ಕಣದಲ್ಲಿ ರಾಗಿ ತೂರುತ್ತಿದ್ದರು. ನನ್ನನ್ನು ಕಂಡದ್ದೇ ಮುಖ ಗಂಟು ಹಾಕಿಕೊಂಡರು. ನಾನು ಬಂದ ಕಾರಣ ಹೇಳಿದೆ.

"ಒಂದ್ಸಲ ಒತ್ತಿದ್ನಲ್ಲ ಎಬ್ಬೆಟ್ಟು, ಅದೇನಾಯ್ತು?" ಎಂದರು.

"ಅದು ಎರಡು ವರ್ಷಕ್ಕೆ ಗೌಡರೇ. ಇದು ಇನ್ನು ಇಪ್ಪತ್ತಮೂರು ದಿನಕ್ಕೆ."

"ಇಪ್ಪತ್ಮೂರ್ ದಿನ ಆದ್ಮೇಕೆ?"

ಸುಳ್ಳು ಹೇಳಲಿಲ್ಲ. "ಹೊಳೆನರಸೀಪುರದಲ್ಲಿ ಕೆಲಸ. ಸಂಬಳದ ಕೆಲಸ."

ಅವರು ಮೊರವನ್ನು ಕೆಳಗಿಟ್ಟರು. "ಅದೇ ನಾನು ಕೇಳಿದ್ದು. ಊರಲ್ಲೆಲ್ಲ ಆಡ್ಕೊಂಡು ನಗ್ತಾವ್ರೆ. ಉಚ್ಚೇಗೌಡ್ನ ಮನೆ ಸೊಸೆ ಪರಸ್ಥಳದಾಗೆ ಕೂಲಿ ದುಡಿಯಾಕೆ ಓಯ್ತಾಳಂತೆ ಅಂತ. ಕಲ್ತಿದ್ದು ಸಾಕು, ಮನೇಲಿ ಬಿದ್ದಿರ್ಲಿ. ಸುಗ್ಗಿ ಕಾಲ, ಕೆಲ್ಸಕ್ಕೆ ಆಳಿಲ್ಲ. ನೀವು ಓಗಿ ಬನ್ನಿ ಸ್ವಾಮಿ."

ಕೈಮುಗಿದೆ, ಊರ ಪಟೇಲರಿಂದ ಹೇಳಿಸುತ್ತೇನೆ ಎಂದೆ, ಮೊಮ್ಮಗಳ ಮಾತು ಎತ್ತಿದೆ. ಗೌಡರು ಬೆನ್ನು ತಿರುಗಿಸಿ ಮತ್ತೆ ರಾಗಿ ತೂರತೊಡಗಿದರು. ಅಷ್ಟು ಹೊತ್ತೂ ಪುಟ್ಟತಾಯಮ್ಮ ಬಣವೆಯ ಹತ್ತಿರ ನಿಂತು ಕೇಳುತ್ತಿದ್ದಳು. ನಾನು ಸೈಕಲ್ ಹತ್ತಿರ ಬಂದಾಗ ಹಿಂದೆಯೇ ಬಂದು ಕೈ ಚಾಚಿದಳು. "ಆ ಕಾಗ್ದ ಕೊಡಿ ಸಾ." ಕೊಟ್ಟೆ. ನನ್ನ ಜೇಬಿನ ಪೆನ್ನನ್ನೂ ಕೇಳಿ ಇಸಿದುಕೊಂಡಳು. ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಎಡಗಡೆಯ ಗೆರೆಯ ಮೇಲೆ ಹೆಸರು ಬರೆದಳು. ಒತ್ತು ಈ ಸಲ ಬಾವಿಗೆ ಬಿದ್ದಿರಲಿಲ್ಲ.

"ನಾನು ರುಜು ಆಕಿವ್ನಿ. ಇಷ್ಟು ಸಾಲಾಕಿಲ್ವಾ ಸಾ? ನಾನೇ ತಾನೇ ಕಲಿಯೋಳು? ಮಾವ ಏನಾರ ಅಂದ್ಕೊಳ್ಲಿ, ನಾಳಿಕೇ ಮಗೀನ ಎತ್ಕೊಂಡು ಚಿಕ್ಕಮ್ಮನ ಮನೆಗೆ ಬಂದ್ಬುಡ್ತೀನಿ."

ಬಲಗಡೆಯ ಗೆರೆ ತೋರಿಸಿದೆ. "ಸಾಲದು ತಾಯಿ. ಇಲ್ಲಿ ಪೋಷಕರ ರುಜು ಬೇಕು. ಕಾನೂನು ಹಾಗಿದೆ."

"ಕಾನೂನಾ?"

"ಕಾನೂನು."

ಮಾವನನ್ನು ಎದುರಿಸುವುದಕ್ಕೆ ಸಿದ್ಧವಾಗಿದ್ದವಳು ಕಾನೂನು ಅಂದ ಕೂಡಲೇ ಹಿಂದೆ ಸರಿದಳು. ಪೆನ್ನು ಒರೆಸಿ, ಕಾಗದದ ಜೊತೆ ವಾಪಸು ಕೊಟ್ಟಳು. ನಾನು ಹಾಸನಕ್ಕೆ ಬಂದು ಆ ಫಾರಂ ಮೇಲೆ ಕೆಂಪು ಮಸಿಯಲ್ಲಿ 'ಪೋಷಕರ ರುಜು ಇಲ್ಲ, ಅಪೂರ್ಣ' ಎಂದು ಬರೆದು ಹೊಸ ಸಾಹೇಬರ ಮುಂದಿಟ್ಟೆ. ಅವರು ಓದದೆ ರುಜು ಹಾಕುವ ಪೈಕಿ. ಹೊಳೆನರಸೀಪುರದ ಕೆಲಸಕ್ಕೆ ಮೈಸೂರಿನಿಂದ ಯಾರನ್ನೋ ಕಳಿಸಿದರು. ಹದಿಮೂರು ಸರ್ಟಿಫಿಕೇಟುಗಳನ್ನು ನನ್ನ ಕೈಯಾರೆ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು ಎಂದು ಎಲ್ಲರೂ ಹೊಗಳಿದರು.

ಆಮೇಲೆ ನರಸಿಂಗರಾಯರು ತುಮಕೂರಿನಿಂದ ಒಂದು ಕಾರ್ಡು ಬರೆದು, ಕೊರವಂಗಲದ ಹೆಣ್ಣುಮಗಳು ಹೊಳೆನರಸೀಪುರಕ್ಕೆ ಹೋದಳೇ ಎಂದು ಕೇಳಿದರು. ಪೋಷಕರು ಒಪ್ಪಲಿಲ್ಲ, ರುಜು ಸಿಗಲಿಲ್ಲ ಎಂದು ಬರೆದೆ. ಮರುಟಪ್ಪಾಲಿನಲ್ಲಿ ಇನ್ನೊಂದು ಕಾರ್ಡು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಅವಳ ವಯಸ್ಸೆಷ್ಟು?' ಮುದುಕರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೆ. ಯುದ್ಧ ಶುರುವಾಗಿ ಕಚೇರಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಫಿಟ್ಟರು ಬೇಕು, ಟರ್ನರು ಬೇಕು ಎಂದು ದಿನಕ್ಕೊಂದು ತಂತಿ ಬರುತ್ತಿತ್ತು. ವೀರಾಚಾರಿ ಬೆಂಗಳೂರಿನ ಕಾರ್ಖಾನೆಗೆ ಹೋಗಿ, ಕೋಟು ಹಾಕಿಕೊಂಡ ಪಟ ತೆಗೆಸಿ ಕಳಿಸಿದ. ಕಾರ್ಡಿಗೆ ಉತ್ತರ ಬರೆಯಲೇ ಇಲ್ಲ. ಯುದ್ಧ ಮುಗಿಯುವ ಮೊದಲೇ ನರಸಿಂಗರಾಯರು ತೀರಿಕೊಂಡರು.

ಸ್ವಾತಂತ್ರ್ಯ ಬಂದ ಮಾರನೇ ವರ್ಷ ಚನ್ನರಾಯಪಟ್ಟಣದಲ್ಲಿ ಹೊಲಿಗೆ ತರಗತಿಗೆ ಜನರನ್ನು ಸೇರಿಸಿಕೊಳ್ಳಲು ಹೋಗಿದ್ದೆ. ಅಷ್ಟರಲ್ಲಿ ನಾನು ಹೆಡ್ ಗುಮಾಸ್ತ, ಎಲ್ಲಾ ಬಾಯಿಪಾಠ ಎಂಬ ಜಂಬ. ಶ್ರವಣಬೆಳಗೊಳದಿಂದ ಪದ್ಮಾವತಮ್ಮ ಎಂಬ ಹೆಂಗಸು ಬಂದಿದ್ದರು. ಇಪ್ಪತ್ತೈದರ ಆಚೆ ಈಚೆ ವಯಸ್ಸು, ಜೈನರು. ತಂದೆ ಪಾತ್ರೆ ಅಂಗಡಿ ಇಟ್ಟಿದ್ದವರು, ತೀರಿಹೋಗಿದ್ದರು. ಗಂಡ ಮನೆ ಬಿಟ್ಟು ಹೋಗಿ ಎಲ್ಲಿದ್ದಾನೆಂದು ಗೊತ್ತಿರಲಿಲ್ಲ. ಫಾರಂ ತುಂಬಿ ಎಡಗಡೆ ರುಜು ಹಾಕಿ ನನ್ನ ಮುಂದಿಟ್ಟರು. ನಾನು ಅದನ್ನು ಹಿಂದಕ್ಕೆ ತಳ್ಳಿ, ಪೋಷಕರ ರುಜು ಬೇಕಮ್ಮ ಎಂದೆ.

"ನನಗೆ ಯಾರೂ ಪೋಷಕರಿಲ್ಲ ಸಾರ್. ನನ್ನ ನಾನೇ ಸಾಕ್ಕೋತಿದೀನಿ."

"ಅದು ನಿಮ್ಮ ಕಷ್ಟ. ಕಾನೂನು ಹಾಗಿದೆಯಮ್ಮ."

"ಎಲ್ಲಿದೆ ಸಾರ್? ತೋರಿಸಿ," ಎಂದರು.

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಸಿಟ್ಟು ಬಂತು. ತೋರಿಸಿಯೇ ಬಿಡುತ್ತೇನೆ ಎಂದು ನಿಬಂಧನೆಗಳ ಪುಸ್ತಕ ತೆಗೆದು, ಮುಚ್ಚಳಿಕೆಯ ನಿಬಂಧನೆಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದೆ. 'ಕಲಿಯಲು ಸೇರುವವರು ಗೊತ್ತುಪಡಿಸಿದ ಮುಚ್ಚಳಿಕೆಗೆ ರುಜು ಹಾಕತಕ್ಕದ್ದು. ಹದಿನೆಂಟು ವರ್ಷ ತುಂಬದವರಾದರೆ ಅವರ ಪೋಷಕರೂ ರುಜು ಹಾಕತಕ್ಕದ್ದು.'

ಅಲ್ಲಿಗೇ ನಿಂತೆ. ಇನ್ನೊಂದು ಸಲ ಓದಿದೆ. ಪುಟ ತಿರುಗಿಸಿ ಹಿಂದೆ ಮುಂದೆ ಹುಡುಕಿದೆ. ಗಂಡಸು, ಹೆಂಗಸು ಎಂಬ ಭೇದ ಎಲ್ಲೂ ಇರಲಿಲ್ಲ. ಹದಿನೆಂಟು ತುಂಬದವರು ಎಂಬ ಮಾತನ್ನು ಫಾರಂನಲ್ಲಿ ಬಿಟ್ಟವನು ನಾನು. ಗಂಡಸರಿಗೆ ಆ ಗೆರೆ ಖಾಲಿ ಬಿಟ್ಟು, ಹೆಂಗಸರಿಗೆ ಮಾತ್ರ ತುಂಬಿಸಿದವನೂ ನಾನು. ಯಾವ ಕಾಗದವೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ನಮ್ಮ ಮನೆಗಳಲ್ಲಿ ಹಾಗೆ, ನಮ್ಮ ಬೀದಿಯಲ್ಲಿ ಹಾಗೆ, ಆದ್ದರಿಂದ ಕಾನೂನೂ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ತುಮಕೂರಿನ ಕಾರ್ಡು ನೆನಪಿಗೆ ಬಂತು. ಅವಳ ವಯಸ್ಸೆಷ್ಟು? ಅಯ್ಯೋ ಶಿವನೇ! ನರಸಿಂಗರಾಯರು ಇದಕ್ಕಿಂತ ಬಿಡಿಸಿ ಹೇಗೆ ಹೇಳಬೇಕಿತ್ತು?

"ಸಾಕಮ್ಮ, ನಿಮ್ಮ ರುಜು ಸಾಕು," ಎಂದು ಪದ್ಮಾವತಮ್ಮನವರ ಫಾರಂ ತೆಗೆದುಕೊಂಡೆ. ನನ್ನ ಮುಖ ನೋಡಿ ಅವರು, "ನೀರು ಬೇಕಾ ಸಾರ್?" ಎಂದು ಕೇಳಿದರು.

ಹಾಸನಕ್ಕೆ ಬಂದು ಹಳೆಯ ಕಟ್ಟುಗಳನ್ನೆಲ್ಲ ಬಿಚ್ಚಿಸಿದೆ. ಗೆದ್ದಲು ಹಿಡಿದಿತ್ತು, ಆದರೂ ಆ ಫಾರಂ ಸಿಕ್ಕಿತು. ಎಡಗಡೆ ಪುಟ್ಟತಾಯಮ್ಮನ ರುಜು, ಮೇಲೆ ನನ್ನ ಕೆಂಪು ಅಕ್ಷರ. ಅಪೂರ್ಣವಾಗಿರಲಿಲ್ಲ ಅದು. ಅವಳು ಸೈಕಲ್ ಸೀಟಿನ ಮೇಲೆ ಹೆಸರು ಬರೆದು ಪೆನ್ನು ಎತ್ತಿದ ಗಳಿಗೆಯಲ್ಲೇ ಪೂರ್ತಿಯಾಗಿತ್ತು. ಅವಳ ಮಾವನಿಗಾಗಲಿ, ಹೊಸ ಸಾಹೇಬರಿಗಾಗಲಿ ಅದನ್ನು ತಡೆಯುವ ಅಧಿಕಾರವಿರಲಿಲ್ಲ. ನನಗಂತೂ ಇರಲೇ ಇಲ್ಲ.

ಆ ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಕೊರವಂಗಲಕ್ಕೆ ಹೋದೆ. ಹುಚ್ಚೇಗೌಡರು ಸತ್ತು ಮೂರು ವರ್ಷವಾಗಿತ್ತು. ಪುಟ್ಟತಾಯಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮೂವತ್ತೆರಡರ ಹೆಂಗಸು, ಐವತ್ತರ ಹಾಗೆ ಕಂಡಳು. ನನ್ನನ್ನು ಗುರುತು ಹಿಡಿದು, ಕೈ ತೊಳೆದುಕೊಂಡು ಬಂದು ಚಾಪೆ ಹಾಸಿದಳು. ಲಕ್ಷ್ಮಿ ಎಲ್ಲಿ ಎಂದು ಕೇಳಿದೆ.

"ಕೊಟ್ಟಾಯ್ತು ಸಾ, ಓದೊರ್ಸ. ಮಾವ ಇರೋವಾಗ್ಲೇ ಮಾತಾಗಿತ್ತು. ಅವ್ರ ಮನೇಲೂ ಇಂಗೇಯ, ಎದ್ರೂ ಮಾತು, ಕುಂತ್ರೂ ಮಾತು." ಆಮೇಲೆ ಅವಳೇ ಕೇಳಿದಳು: "ಒಳೆನರಸೀಪುರದಾಗೆ ಈಗ್ಲೂ ಮಗ್ಗ ಐತಾ?"

ಇದೆ ಎಂದೆ. ಮತ್ತೆ ಸೇರಿಸಿಕೊಳ್ಳುತ್ತೇನೆ, ನಾನೇ ನಿಂತು ಮಾಡಿಸುತ್ತೇನೆ ಎಂದೆ. ಅವಳು ಎರಡೂ ಕೈ ಮುಂದೆ ಹಿಡಿದು ತೋರಿಸಿದಳು. ಬೆರಳೆಲ್ಲ ಒಡೆದು ಗಂಟು ಕಟ್ಟಿದ್ದವು. "ಇವ್ಕೆ ನೂಲು ಸಿಕ್ಕಾಕಿಲ್ಲ ಸಾ ಈಗ."

ಆಗ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಕಾನೂನು ಹಾಗಿರಲಿಲ್ಲ, ನಿನ್ನ ರುಜು ಒಂದೇ ಸಾಕಾಗಿತ್ತು, ತಪ್ಪು ನನ್ನದು ಎಂದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು, "ಅವತ್ತೇ ಕೇಳಿದ್ನಲ್ಲ ಸಾ ನಿಮ್ಮುನ್ನ," ಎಂದಳು. ಅಷ್ಟೇ.

ಚೀಲದಿಂದ ಫಾರಂ ತೆಗೆದು ಅವಳ ಮುಂದಿಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕೆಂಪು ಅಕ್ಷರದ ಮೇಲೆ ಕಣ್ಣು ಹಾಯಿಸಿ, ಎಡಗಡೆಯ ಹೆಸರಿನ ಮೇಲೆ ನಿಲ್ಲಿಸಿದಳು. "ಇದು ನಂದಾ? ನಾನು ಬರ್ದಿದ್ದಾ?" ಎಂದು ಕೇಳಿದಳು. ಹೌದೆಂದೆ. "ಇದುನ್ನ ನಾನು ಮಡಿಕ್ಕೊಳ್ಲಾ?"

ಕಚೇರಿಯ ದಾಖಲೆಯನ್ನು ಹೊರಗೆ ಕೊಡಬಾರದು. ಸರ್ವೀಸಿನಲ್ಲಿ ಒಂದು ಚೀಟಿಯನ್ನೂ ಹಾಗೆ ಕೊಟ್ಟವನಲ್ಲ ನಾನು. ಇಟ್ಟುಕೋ ತಾಯಿ ಎಂದೆ. ಆದರೆ ಹಾಳು ಅಭ್ಯಾಸ ನೋಡಿ. ಕೊಟ್ಟ ಮೇಲೆ ಪಡೆದವರ ರುಜು ಇಲ್ಲದೆ ಏಳುವುದಕ್ಕೆ ನನ್ನಿಂದಾಗಲಿಲ್ಲ. ಬಾಯಿಂದ ಮಾತು ತಾನಾಗಿಯೇ ಬಂದುಬಿಟ್ಟಿತು. "ತೆಗೆದುಕೊಂಡದ್ದಕ್ಕೆ ಇಲ್ಲೊಂದು ರುಜು ಹಾಕಮ್ಮ," ಎಂದು ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ಮುಂದೆ ಹಿಡಿದೆ.

ಪುಟ್ಟತಾಯಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. "ಮರ್ತೋಯ್ತು ಸಾ," ಎಂದು ಎಡಗೈ ಹೆಬ್ಬೆಟ್ಟು ಚಾಚಿದಳು.